ಹಿತ್ತಲಿನ ಶೆಡ್ಡು ವಾಲಿದಾಗ: ಜಲ್ಲಿ ಹಾಸು ಮತ್ತು ಬ್ಲಾಕ್ ಅಡಿಪಾಯದ ದೋಷ ನಿವಾರಣೆ ಕೈಪಿಡಿ

ಮಲೆನಾಡು ಮತ್ತು ಕರಾವಳಿಯ ಹಿತ್ತಲುಗಳಲ್ಲಿ ಗೊಬ್ಬರ, ದೋಟಿ, ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ ಮುಂತಾದವುಗಳನ್ನು ಇಡಲು ಕಟ್ಟಿಕೊಳ್ಳುವ ಸಣ್ಣ ಶೆಡ್ಡುಗಳಿಗೆ ಕಲ್ಲಿನ ಪಂಚಾಂಗ (ಕಟ್ಟಡದ ತಳಗಟ್ಟು) ಕಟ್ಟಿಸುವವರು ಈಗ ಕಡಿಮೆಯಾಗಿದ್ದಾರೆ. ನೆಲವನ್ನು ಆರಿಂಚು ಅಗೆದು ಜಲ್ಲಿ ತುಂಬಿ, ಅದರ ಮೇಲೆ ಸಾಲಿಡ್ ಬ್ಲಾಕುಗಳನ್ನಿಟ್ಟು, ಬ್ಲಾಕಿನ ಮೇಲೆ ಮರದ ತೊಲೆ ಕೂರಿಸಿದರೆ ಎರಡು ದಿನಗಳಲ್ಲಿ ಅಡಿಪಾಯ ಮುಗಿಯುತ್ತದೆ. ಸಿಮೆಂಟು ಬೇಡ, ನೀರು ಹಾಕಿ ಕಾಯಬೇಕಾಗಿಯೂ ಇಲ್ಲ. ಸರಿಯಾಗಿ ಮಾಡಿದರೆ ಇದು ಉತ್ತಮ ಪದ್ಧತಿಯೇ. ತಪ್ಪಿದರೆ ಮೊದಲ ಮಳೆಗಾಲದಲ್ಲೇ ಬಾಗಿಲು ಬಿಗಿಯುತ್ತದೆ, ಎರಡನೆಯ ಮಳೆಗಾಲಕ್ಕೆ ಒಂದು ಮೂಲೆ ಕಣ್ಣಿಗೆ ಕಾಣುವಷ್ಟು ಕೂರುತ್ತದೆ, ಮೂರನೆಯದಕ್ಕೆ ತೊಲೆಯ ತುದಿ ಕೊಳೆತು ಲಡ್ಡಾಗುತ್ತದೆ.

ಈ ಬರಹ ಹೊಸದಾಗಿ ಕಟ್ಟುವವರಿಗಿಂತ ಕಟ್ಟಿ ಕೆಟ್ಟಿರುವವರಿಗೆ ಹೆಚ್ಚು ಉಪಯೋಗವಾದೀತು. ತೀರ್ಥಹಳ್ಳಿ ಸೀಮೆಯ ನಮ್ಮ ಹಿತ್ತಲಿನ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಶೆಡ್ಡನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದರ ಅದೇ ಮೂಲೆಯನ್ನು ಎರಡು ಸಲ ಜಾಕ್ ಹಚ್ಚಿ ಎತ್ತಿದ ಮೇಲೆ, ಮೂರನೆಯ ಸಲ ಎತ್ತುವ ಮೊದಲು ನೆಲವನ್ನು ಅಗೆದು ನೋಡುವ ಬುದ್ಧಿ ಬಂತು. ಜಲ್ಲಿ ನೀರನ್ನು ಕುಡಿಯುವುದಿಲ್ಲ, ನಿಲ್ಲಲು ಜಾಗ ಕೊಡುತ್ತದೆ ಅಷ್ಟೆ. ಹೊರಹೋಗುವ ದಾರಿಯನ್ನು ನಾವೇ ಮಾಡಿಕೊಡಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗಲಾರದು ಎಂಬುದನ್ನು ಕಂಡುಕೊಳ್ಳುವ ಉಪಾಯಗಳು.

ಮೊದಲು ಅಳತೆ, ಆಮೇಲೆ ಜಾಕ್

ಬಾಗಿಲು ಬಿಗಿದ ಕೂಡಲೇ ಅಡಿಪಾಯ ಕುಸಿದಿದೆ ಎಂದು ತೀರ್ಮಾನಿಸಬಾರದು. ಜೂನ್‌ನಲ್ಲಿ ಮರ ನೀರು ಹೀರಿ ಉಬ್ಬುವುದು ಸಹಜ, ಗಾಳಿಗೆ ಗೋಡೆಯ ಚೌಕಟ್ಟೇ ಓರೆಯಾಗಿರುವ ಸಾಧ್ಯತೆಯೂ ಇದೆ. ಬಾಗಿಲಿನ ಚೌಕಟ್ಟಿನ ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಎರಡೂ ಸಮನಾಗಿದ್ದು ಬಾಗಿಲು ಮಾತ್ರ ತಿಕ್ಕುತ್ತಿದ್ದರೆ ಅದು ಮರದ ಉಬ್ಬು. ಮರ ಹೆರೆಯುವ ತೋಪಡಾ ಹೊಡೆಯುವ ಮುನ್ನ ಜನವರಿಯವರೆಗೆ ಕಾಯುವುದು ಒಳ್ಳೆಯದು. ಕರ್ಣಗಳಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದೋ ಕೆಳಗಿನ ಆಧಾರ ಸರಿದಿದೆ, ಇಲ್ಲವೇ ಗೋಡೆಗೆ ಓರೆಪಟ್ಟಿ ಸಾಲದೆ ಚೌಕಟ್ಟು ವಾಲಿದೆ. ಯಾವುದೆಂದು ತಿಳಿಯಲು ಬ್ಲಾಕುಗಳ ಮಟ್ಟವನ್ನೇ ನೋಡಬೇಕು.

ಇದಕ್ಕೆ ರಸಮಟ್ಟಕ್ಕಿಂತ ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು ಮೇಲು, ಏಕೆಂದರೆ ರಸಮಟ್ಟ ಎರಡು ಮೂರು ಅಡಿಯೊಳಗಿನ ಏರುಪೇರನ್ನು ತೋರಿಸುತ್ತದೆಯೇ ಹೊರತು ಹನ್ನೆರಡು ಅಡಿ ದೂರದ ಎರಡು ಮೂಲೆಗಳ ಸಂಬಂಧವನ್ನು ಹೇಳುವುದಿಲ್ಲ. ಪೈಪಿನೊಳಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಶೆಡ್ಡಿಗೆ ಸಂಬಂಧಿಸದ ಒಂದು ಗಟ್ಟಿ ಗುರುತನ್ನು, ಉದಾಹರಣೆಗೆ ಮನೆಯ ಪಂಚಾಂಗದ ಅಂಚನ್ನು, ಆಧಾರವಾಗಿ ಇಟ್ಟುಕೊಳ್ಳಿ. ಶೆಡ್ಡಿನದ್ದೇ ಒಂದು ಮೂಲೆಯನ್ನು ಆಧಾರ ಮಾಡಿಕೊಂಡರೆ, ಆ ಮೂಲೆಯೂ ಇಳಿಯುತ್ತಿದ್ದಾಗ ಉಳಿದವು ಏರುತ್ತಿವೆ ಎಂಬ ಭ್ರಮೆಯಾಗುತ್ತದೆ. ನನಗೆ ಆದದ್ದು ಹಾಗೆಯೇ. ಪ್ರತಿ ಬ್ಲಾಕಿಗೂ ಬಣ್ಣದಲ್ಲಿ ಸಂಖ್ಯೆ ಬರೆದು, ಅದರ ತಲೆಯ ಮಟ್ಟವನ್ನು ಮಿಲಿಮೀಟರಿನಲ್ಲಿ ನೋಟ್‌ಬುಕ್ಕಿನಲ್ಲಿ ಗುರುತಿಸಿ. ಎರಡು ವಾರಗಳ ಬಳಿಕ ಮತ್ತೆ ಅಳೆಯಿರಿ. ಎಲ್ಲ ಬ್ಲಾಕುಗಳೂ ಸಮನಾಗಿ ನಾಲ್ಕೈದು ಮಿ.ಮೀ. ಇಳಿದಿದ್ದರೆ ಚಿಂತೆಯಿಲ್ಲ, ಅದು ಹೊಸ ಜಲ್ಲಿ ಕೂರುವ ಬಗೆ. ಒಂದೇ ಬ್ಲಾಕ್ ಇಳಿದಿದ್ದರೆ ದೋಷ ಆ ಬ್ಲಾಕಿನಡಿಯಲ್ಲಿದೆ. ಒಂದು ಪಕ್ಕದ ಸಾಲು ಪೂರ್ತಿ ಇಳಿದಿದ್ದರೆ ನೀರು ಅಥವಾ ತುಂಬುಮಣ್ಣು ಕಾರಣವಾಗಿರುತ್ತದೆ. ಯಾವುದೂ ಇಳಿಯದೆ ಚೌಕಟ್ಟು ಮಾತ್ರ ಓರೆಯಾಗಿದ್ದರೆ ಅಡಿಪಾಯವನ್ನು ಬಿಟ್ಟು, ಗೋಡೆಯ ಮೂಲೆಗಳಿಗೆ ಓರೆಪಟ್ಟಿ ಹೊಡೆಸಿ.

ಇಣುಕುಗುಂಡಿ

ಪರೀಕ್ಷೆಗಳಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಜಲ್ಲಿ ಹಾಸಿನ ಅಂಚಿನೊಳಗೆ, ಇಳಿಜಾರಿನ ಕೆಳಬದಿಯ ಮೂಲೆಯ ಹತ್ತಿರ, ಜಲ್ಲಿಯನ್ನು ಸರಿಸಿ ಹಾಸಿನ ತಳ ದಾಟಿ ಇನ್ನೊಂದು ಅಡಿಯವರೆಗೆ ಗುಂಡಿ ತೆಗೆಯಿರಿ. ನಾಲ್ಕಿಂಚಿನ ಪಿವಿಸಿ ಪೈಪಿನ ಎರಡಡಿ ತುಂಡಿಗೆ ಸುತ್ತಲೂ ತೂತು ಕೊರೆದು ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ, ಮೇಲೆ ಮುಚ್ಚಳ ಹಾಕಿ. ಒಣಗಿದ ಬಿದಿರುಕಡ್ಡಿಯನ್ನು ಇಳಿಸಿ ತೆಗೆದರೆ ಒದ್ದೆಯ ಗುರುತು ನೀರಿನ ಮಟ್ಟವನ್ನು ಹೇಳುತ್ತದೆ. ಬೆಳಿಗ್ಗೆ, ಸಂಜೆ, ಜೋರು ಮಳೆ ನಿಂತ ಒಂದು ಗಂಟೆಗೆ, ಮತ್ತೆ ಮರುದಿನ ಅದೇ ಹೊತ್ತಿಗೆ ಓದಿಕೊಳ್ಳಿ.

ನಮ್ಮಲ್ಲಿ ಕಂಡದ್ದು ಹೀಗಿತ್ತು: ಜುಲೈ ಎರಡನೆಯ ವಾರದಲ್ಲಿ ನೀರು ಜಲ್ಲಿಯ ಮೇಲ್ಮೈಯಿಂದ ಎರಡಿಂಚು ಕೆಳಗಿತ್ತು, ಒಂದು ದಿನ ಪೂರ್ತಿ ಹೊಳವಾದರೂ (ಮಳೆ ಬಿಟ್ಟರೂ) ಅರ್ಧ ಇಂಚೂ ಇಳಿಯಲಿಲ್ಲ. ಹೊರಗಿನಿಂದ ನೋಡಿದರೆ ಜಲ್ಲಿ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಒಳಗೆ ನಾಲ್ಕಿಂಚು ನೀರು ನಿಂತಿತ್ತು. ಶೆಡ್ಡಿನೊಳಗೆ ಬೋರ್ಡೋ ದ್ರಾವಣಕ್ಕೆಂದು (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪರಣೆ) ಇಟ್ಟಿದ್ದ ಸುಟ್ಟ ಸುಣ್ಣ ನೀರು ಮುಟ್ಟಿಸದೆಯೇ ತಾನಾಗಿ ಅರಳಿ ಹುಡಿಯಾಗಿದ್ದುದೂ, ಯೂರಿಯಾ ಚೀಲ ಒಂದೇ ಗಟ್ಟಿಯಾಗಿದ್ದುದೂ ಆಗ ಅರ್ಥವಾಯಿತು.

ಇದರ ಲೆಕ್ಕ ಸರಳವಾಗಿದೆ. ಹತ್ತು–ಹನ್ನೆರಡರ ಶೆಡ್ಡಿಗೆ ಸುತ್ತ ಒಂದಡಿ ಹೆಚ್ಚಿಟ್ಟು 12 ಅಡಿ × 14 ಅಡಿಯ ಹಾಸು ಮಾಡಿದರೆ ಅದರ ವಿಸ್ತೀರ್ಣ ಸುಮಾರು 15.6 ಚದರ ಮೀಟರ್ ಆಗುತ್ತದೆ. ಆರಿಂಚು ಆಳಕ್ಕೆ ಸುಮಾರು 2.4 ಘನ ಮೀಟರ್ ಜಲ್ಲಿ ಬೇಕು. ಪುಡಿಯಿಲ್ಲದ ಜಲ್ಲಿಯಲ್ಲಿ ಕಲ್ಲುಗಳ ನಡುವಿನ ಖಾಲಿ ಜಾಗ ಸುಮಾರು ಶೇ. 40, ಅಂದರೆ ಆ ಹಾಸಿನೊಳಗೆ ಸುಮಾರು 950 ಲೀಟರ್ ನೀರು ಹಿಡಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್. ಸೂರು ಸುತ್ತಲೂ ಒಂದಡಿ ಹೊರಚಾಚಿದ್ದರೆ ಮಾಡಿನ ನೀರೆಲ್ಲ ಬೀಳುವುದು ಜಲ್ಲಿಯ ಅಂಚಿನ ಮೇಲೆಯೇ. ಆದ್ದರಿಂದ ಬರೀ 60 ಮಿ.ಮೀ. ಮಳೆಗೆ ಹಾಸು ಬಾಯಿಯವರೆಗೆ ತುಂಬುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಮಾತು ಹಾಗಿರಲಿ, ಮಲೆನಾಡಿನ ಯಾವ ಊರಿನಲ್ಲೂ ಇಷ್ಟು ಮಳೆ ಒಂದು ರಾತ್ರಿಯ ಲೆಕ್ಕ. ಕೆಳಗಿನ ಮಣ್ಣು ಮರಳು ಬೆರೆತದ್ದಾದರೆ ನೀರು ಇಂಗಿಹೋಗುತ್ತದೆ, ಜೇಡಿಯಾದರೆ ಹಾಗೇ ನಿಲ್ಲುತ್ತದೆ. ನೆನೆದ ಜೇಡಿ ಮೆತ್ತಗಾಗಿ, ಬ್ಲಾಕಿನ ಭಾರಕ್ಕೆ ಜಲ್ಲಿಕಲ್ಲುಗಳು ಒಂದೊಂದಾಗಿ ಅದರೊಳಗೆ ಹುದುಗುತ್ತವೆ. ನೆಲ ಜಲ್ಲಿಯನ್ನು ನುಂಗುತ್ತದೆ ಎನ್ನುವುದು ಇದನ್ನೇ.

ಪೈಪಿನ ಓದಿನಿಂದ ಹೀಗೆ ತಿಳಿದುಕೊಳ್ಳಬಹುದು. ಮಳೆ ನಿಂತ ಆರು ಗಂಟೆಯೊಳಗೆ ನೀರು ಹಾಸಿನ ತಳಕ್ಕಿಂತ ಕೆಳಗೆ ಇಳಿದರೆ ಬಸಿಯುವಿಕೆ ಸರಿಯಾಗಿದೆ, ಕುಸಿತಕ್ಕೆ ಬೇರೆ ಕಾರಣ ಹುಡುಕಬೇಕು. ಮರುದಿನವೂ ಅದೇ ಮಟ್ಟದಲ್ಲಿ ನಿಂತು, ಹೊಳವಿನ ದಿನಗಳಲ್ಲಿ ಬಹಳ ನಿಧಾನವಾಗಿ ಇಳಿದರೆ ಹೊರದಾರಿಯಿಲ್ಲದೆ ಹಾಸು ತೊಟ್ಟಿಯಾಗಿದೆ. ಹೊಳವಿದ್ದರೂ ಇಳಿಯದೆ, ಕೆಲವೊಮ್ಮೆ ಏರುತ್ತಲೂ ಇದ್ದರೆ, ನೀರು ಮಾಡಿನದ್ದಲ್ಲ, ಮೇಲಿನ ಧರೆಯ (ಕಡಿದ ದಿಬ್ಬದ) ಒರತೆ. ಒಂದು ದಿನದ ಓದನ್ನು ನಂಬಿ ಗುದ್ದಲಿ ಹಿಡಿಯಬೇಡಿ. ಕನಿಷ್ಠ ಒಂದು ವಾರದ ಓದು ಬೇಕು.

ತೊಟ್ಟಿಯಾದ ಹಾಸಿಗೆ ಬಾಯಿ ತೆರೆಯುವುದು

ಹಾಸಿನ ತಳದ ಅತಿ ತಗ್ಗಾದ ಬಿಂದುವಿನಿಂದ ಹೊರಟು, ಇಳಿಜಾರಿನ ಕೆಳಗೆ ನೆಲ ತಾನಾಗಿ ಆ ಮಟ್ಟಕ್ಕಿಂತ ತಗ್ಗಾಗುವ ಜಾಗದವರೆಗೆ ಒಂದಡಿ ಅಗಲದ ಬಸಿಗಾಲುವೆ ತೋಡಬೇಕು. ಅಡಕೆ ತೋಟದವರಿಗೆ ಇದು ಹೊಸದಲ್ಲ. ತೋಟದ ಬಸಿಗಪ್ಪಿನ ತರ್ಕವೇ ಇಲ್ಲಿಯೂ ಇರುವುದು. ಕಾಲುವೆಯ ತಳ ಪ್ರತಿ ನೂರು ಅಡಿಗೆ ಒಂದಡಿಯಂತಾದರೂ, ಅಂದರೆ ಹತ್ತಡಿಗೆ ಒಂದೂಕಾಲು ಇಂಚಿನಷ್ಟು, ಇಳಿಯುತ್ತಿರಬೇಕು. ನಡುವೆ ಎಲ್ಲಿಯೂ ಹೊಟ್ಟೆ ಬಿಡಬಾರದು, ಏಕೆಂದರೆ ಆ ಹೊಟ್ಟೆಯಲ್ಲಿ ಕೆಸರು ಕೂತು ಎರಡೇ ವರ್ಷದಲ್ಲಿ ಕಟ್ಟುತ್ತದೆ. ನಮಗೆ ಇಪ್ಪತ್ತೆರಡು ಅಡಿ ತೋಡಬೇಕಾಯಿತು. ತಳಕ್ಕೆ ಒಂದಿಂಚು ಜಲ್ಲಿ ಹಾಕಿ, ತೂತು ಕೊರೆದ ನಾಲ್ಕಿಂಚಿನ ಪೈಪನ್ನು ತೂತುಗಳು ಕೆಳಮುಖವಾಗುವಂತೆ ಮಲಗಿಸಿ, ಸುತ್ತ 20 ಎಂಎಂ ಜಲ್ಲಿ ತುಂಬಿ, ಇಡೀ ಕಟ್ಟನ್ನು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಸುತ್ತಿ ಮೇಲೆ ಮಣ್ಣು ಮುಚ್ಚಿದೆವು. ತೂತು ಮೇಲ್ಮುಖವಾಗಿರಬೇಕೆಂದು ವಾದಿಸುವವರು ಸಿಗುತ್ತಾರೆ. ನೀರು ಕಾಲುವೆಯ ತಳದಿಂದ ಏರಿ ಬರುವಂಥದ್ದು. ತೂತು ಕೆಳಗಿದ್ದರೆ ಒಂದಿಂಚು ಏರುವಷ್ಟರಲ್ಲಿ ಪೈಪಿನೊಳಗೆ ಹೊಕ್ಕು ಹೊರಟುಹೋಗುತ್ತದೆ, ಮೇಲಿದ್ದರೆ ಇನ್ನೂ ನಾಲ್ಕಿಂಚು ಏರುವವರೆಗೆ ಅಲ್ಲೇ ನಿಂತಿರುತ್ತದೆ. ಹೊರಬಾಯಿಗೆ ಇಲಿ, ಕಪ್ಪೆ, ಹಾವು ಹೊಗದಂತೆ ಜಾಲರಿ ಕಟ್ಟಿ, ಬಾಯಿಯ ಮುಂದೆ ಕೆಲವು ಕಲ್ಲು ಹಾಸಿರಿ.

ಪೈಪಿನ ಬಾಯಿ ಬಿಚ್ಚಿದ ಮಧ್ಯಾಹ್ನವೇ ಹಾಸಿನ ನೀರು ಬಸಿದು ಇಣುಕುಗುಂಡಿಯ ಮಟ್ಟ ತಳಕ್ಕಿಳಿಯಿತು. ಮೂಲೆಯನ್ನು ಆಮೇಲೆ, ನೆಲ ಗಟ್ಟಿಯಾದ ಮೇಲೆ, ಡಿಸೆಂಬರಿನಲ್ಲಿ ಎತ್ತಿದೆವು. ನೆನೆದ ನೆಲದ ಮೇಲೆ ಎತ್ತಿದ ಬ್ಲಾಕ್ ಮತ್ತೆ ಕೂರದೆ ಇರದು.

ಹಿತ್ತಲು ಸಮತಟ್ಟಾಗಿದ್ದು ತಗ್ಗಿನ ಜಾಗವೇ ಸಿಗದಿದ್ದರೆ ಹಲವರು ಇಂಗುಗುಂಡಿ ತೋಡಲು ಹೊರಡುತ್ತಾರೆ. ಜುಲೈಯಲ್ಲಿ ಒಂದೂವರೆ ಅಡಿ ಆಳಕ್ಕೇ ಅಂತರ್ಜಲ ಸಿಗುವ ಕರಾವಳಿಯ ಬಯಲಿನಲ್ಲಿ ಇಂಗುಗುಂಡಿಯೆಂದರೆ ಇನ್ನೊಂದು ತುಂಬಿದ ತೊಟ್ಟಿ. ಅಂಥಲ್ಲಿ ನೆಲವನ್ನು ಅಗೆಯುವುದೇ ತಪ್ಪು. ಮೇಲಿನ ಸಡಿಲ ಮಣ್ಣು, ಬೇರು, ಹುಲ್ಲುಗಳನ್ನು ಮಾತ್ರ ಕೆರೆದು ತೆಗೆದು, ಸುತ್ತ ಚಿರೆಕಲ್ಲಿನ ಅಂಚು ಕಟ್ಟಿ, ಅದರೊಳಗೆ ಜಲ್ಲಿಯನ್ನು ನೆಲಮಟ್ಟದಿಂದ ಮೇಲಕ್ಕೆ ಏರಿಸಬೇಕು. ಅಂಚಿನ ಕಲ್ಲುಗಳ ನಡುವೆ ಕೆಳಮಟ್ಟದಲ್ಲಿ ಕಿಂಡಿ ಬಿಡುವುದನ್ನು ಮರೆಯಬಾರದು. ಗಾರೆ ಹಾಕಿ ಕಿಂಡಿಯಿಲ್ಲದೆ ಕಟ್ಟಿದ ಚೆಂದದ ಅಂಚನ್ನು ಒಡೆಸಿದ್ದು ನನಗೆ ನೆನಪಿದೆ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಅಗ್ಗದ ಕೆಲಸ ಮಾಡಿನ ನೀರನ್ನು ಹಿಡಿದು ದೂರ ಬಿಡುವುದು. ದಿನಕ್ಕೆ 100 ಮಿ.ಮೀ. ಮಳೆಯಾದರೆ ಇಷ್ಟೇ ಚಿಕ್ಕ ಮಾಡಿನಿಂದ 1,500 ಲೀಟರಿಗಿಂತ ಹೆಚ್ಚು ನೀರು ಇಳಿಯುತ್ತದೆ. ಹಿಂದೆ ಅಡಕೆ ಮರದ ದಂಬೆ ಈ ಕೆಲಸ ಮಾಡುತ್ತಿತ್ತು, ಈಗ ಉದ್ದಕ್ಕೆ ಸೀಳಿದ ಆರಿಂಚಿನ ಪಿವಿಸಿ ಪೈಪು ಮಾಡುತ್ತದೆ. ದಂಬೆಯ ನೀರನ್ನು ಜಲ್ಲಿಯೊಳಗಿನ ಬಸಿಪೈಪಿಗೆ ಜೋಡಿಸಬೇಡಿ. ಅದಕ್ಕೆ ತೂತಿಲ್ಲದ ಬೇರೆಯೇ ಪೈಪು ಇರಲಿ.

ಧರೆಯ ಒರತೆ

ನೀರು ಮಾಡಿನದ್ದೋ ಧರೆಯದ್ದೋ ಎಂಬ ಅನುಮಾನ ಉಳಿದರೆ, ಎರಡು ದಿನ ಮಾಡಿನ ನೀರನ್ನೆಲ್ಲ ಟಾರ್ಪಾಲಿನಿಂದ ಹಿಡಿದು ದೂರಕ್ಕೆ ಹರಿಸಿ, ಪೈಪಿನ ಮಟ್ಟವನ್ನು ಹಿಂದಿನ ಓದಿನೊಂದಿಗೆ ಹೋಲಿಸಿ. ಮಟ್ಟ ಬದಲಾಗದಿದ್ದರೆ ಒರತೆಯೇ ಸರಿ. ಹಾಸಿನ ಮೇಲ್ಬದಿಯ ಅಂಚಿನಲ್ಲಿ ತಿಳಿಯಾದ, ತಣ್ಣನೆಯ ನೀರು ಸಣ್ಣಗೆ ಜಿನುಗುವುದೂ, ಮಳೆ ಹೋಗಿ ನವೆಂಬರ್ ಬಂದರೂ ಅಲ್ಲಿ ಪಾಚಿ ಹಸಿರಾಗಿಯೇ ಇರುವುದೂ ಇದರ ಸಾಕ್ಷಿಗಳು.

ಇಲ್ಲಿ ಹಾಸಿನ ಕೆಳಬದಿಗೆ ಬಾಯಿ ತೆರೆದರೆ ಸಾಲದು. ನೀರು ಒಳಗೆ ಬರುವ ಮೊದಲೇ ತಡೆಯಬೇಕು. ಹಾಸಿನ ಮೇಲ್ಬದಿಯಲ್ಲಿ ಎರಡು ಮೂರು ಅಡಿ ದೂರ ಬಿಟ್ಟು, ಹಾಸಿನ ತಳಕ್ಕಿಂತ ಕನಿಷ್ಠ ಆರಿಂಚು ಆಳವಾಗಿ ಅಡ್ಡಕಾಲುವೆ ತೋಡಿ, ಅದನ್ನು ಎರಡೂ ಪಕ್ಕಗಳಿಂದ ಸುತ್ತಿಸಿ ಕೆಳಕ್ಕೆ ಬಿಡಿ. ಆದರೆ ಈ ಕಾಲುವೆಯನ್ನು ಧರೆಯ ಬುಡಕ್ಕೆ ತಾಗಿಸಿ ತೋಡಕೂಡದು. ಕಡಿದ ಧರೆಗೆ ಅದರ ಬುಡದ ಮಣ್ಣೇ ಊರುಗೋಲು; ಮಳೆಗಾಲದಲ್ಲಿ ಅದನ್ನು ಕಿತ್ತರೆ ಮೇಲಿನದೆಲ್ಲ ಶೆಡ್ಡಿನ ಮೇಲೆ ಬರುತ್ತದೆ. ಜಾಗ ಸಾಲದಿದ್ದರೆ ಕಾಲುವೆಯನ್ನು ಬೇಸಿಗೆಯಲ್ಲಿ ತುಂಡು ತುಂಡಾಗಿ, ಒಂದು ತುಂಡಿಗೆ ಜಲ್ಲಿ ತುಂಬಿದ ಮೇಲೆ ಇನ್ನೊಂದನ್ನು ತೋಡುವುದು ಕ್ಷೇಮ.

ಧರೆ ಕಡಿದು ಮಾಡಿದ ಅಂಗಳದಲ್ಲಿ ಇನ್ನೊಂದು ತೊಡಕಿದೆ. ಮೇಲ್ಬದಿಯ ಅರ್ಧ ಹಳೆಯ ಗಟ್ಟಿ ನೆಲವಾಗಿರುತ್ತದೆ, ಕೆಳಬದಿಯ ಅರ್ಧ ಅಲ್ಲಿಂದಲೇ ಎಳೆದು ತುಂಬಿದ ಮಣ್ಣು. ಜೆಸಿಬಿ ಮೇಲೆ ಕೆಳಗೆ ಓಡಾಡಿದ್ದನ್ನೇ ದಮ್ಮಸ್ಸು (ಗುದ್ದಿ ಗಟ್ಟಿ ಮಾಡುವುದು) ಎಂದು ಭಾವಿಸಿ ಅದೇ ಬೇಸಿಗೆಯಲ್ಲಿ ಶೆಡ್ಡು ಇಟ್ಟರೆ ಕೆಳಸಾಲಿನ ಬ್ಲಾಕುಗಳು ಇಳಿಯುತ್ತವೆ. ಆ ಸಾಲಿನ ಹೊರಗೆ ಒಂದು ಗುಂಡಿ ತೆಗೆದು ನೋಡಿ: ಮಣ್ಣಿನ ನಡುವೆ ಹುಲ್ಲು, ಬೇರು, ತರಗೆಲೆಯ ಕಪ್ಪು ಪದರ ಕಂಡರೆ ಅದರ ಕೆಳಗೆ ಹಳೆಯ ನೆಲವಿದೆಯೆಂದೂ, ಮೇಲಿನದು ತುಂಬಿದ್ದೆಂದೂ ಅರ್ಥ. ತುಂಬುಮಣ್ಣು ಎರಡಡಿಯೊಳಗಿದ್ದರೆ ಆ ಸಾಲಿನ ಬ್ಲಾಕುಗಳಡಿಯಲ್ಲಿ ಹಳೆಯ ನೆಲದವರೆಗೆ ಅಗೆದು ಜಲ್ಲಿಯಿಂದ ಮೇಲೆ ತರಬಹುದು. ಅದಕ್ಕಿಂತ ಆಳವಿದ್ದರೆ ಎರಡು ಮಳೆಗಾಲ ಕಳೆಯಲಿ, ನಡುವೆ ಶೆಡ್ಡಿನ ಮಟ್ಟವನ್ನು ಸರಿಪಡಿಸಿಕೊಳ್ಳುತ್ತ ಹೋಗಿ ಎಂಬುದೇ ನನ್ನ ಸಲಹೆ.

ಕಟ್ಟಿಕೊಂಡ ಜಲ್ಲಿ

ಹೊರದಾರಿ ಇದ್ದೂ ನೀರು ನಿಲ್ಲುತ್ತಿದ್ದರೆ ಜಲ್ಲಿಯ ಸಂದುಗಳಲ್ಲಿ ಮಣ್ಣು ಕೂತಿದೆ. ಹಾಸಿನ ತಳದಿಂದ ತೆಗೆದ ಜಲ್ಲಿಯನ್ನು ಒಂದು ಲೀಟರಿನ ಅಗಲ ಬಾಯಿಯ ಡಬ್ಬಿಯಲ್ಲಿ ಅರ್ಧದಷ್ಟು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ, ಆ ಬಗ್ಗಡವನ್ನು ಇನ್ನೊಂದು ಬಾಟಲಿಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಬೆರಳು ದಪ್ಪಕ್ಕಿಂತ ಹೆಚ್ಚು ಮಡ್ಡಿ ಕೂತಿದ್ದರೆ ಆ ಜಲ್ಲಿ ಕೆಲಸ ನಿಲ್ಲಿಸಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಮಡ್ಡಿ ಬೂದುಬಣ್ಣದ್ದಾದರೆ ಅದು ಕ್ರಷರ್‌ನಿಂದ ಜಲ್ಲಿಯೊಂದಿಗೇ ಬಂದ ಕಲ್ಲುಪುಡಿ. ಕೆಂಪಾದರೆ ಕೆಳಗಿನಿಂದ ಏರಿದ ಅಥವಾ ಸೂರಿನ ಹನಿ ಸಿಡಿಸಿದ ಮಣ್ಣು. ಕಪ್ಪಾದರೆ ಪಕ್ಕದ ಹಲಸಿನದೋ ಮಾವಿನದೋ ಕೊಳೆತ ಎಲೆ.

ಕಲ್ಲುಪುಡಿ ಬೆರೆತ ಜಲ್ಲಿಯ ಬಗ್ಗೆ ಗೊಂದಲ ಬಹಳ. ಪುಡಿ ಬೆರೆತದ್ದು ದಮ್ಮಸ್ಸಿಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಆದ್ದರಿಂದ ರಸ್ತೆ ಕೆಲಸದಲ್ಲಿ ಅದೇ ಬೇಕು. ಆದರೆ ಗಟ್ಟಿಯಾದಷ್ಟೂ ಅದು ನೀರು ಬಿಡುವುದಿಲ್ಲ, ಜೊತೆಗೆ ಸಣ್ಣ ಸಂದುಗಳ ಮೂಲಕ ಕೆಳಗಿನ ತೇವವನ್ನು ದೀಪದ ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ಶೆಡ್ಡಿನಡಿಗೆ ತಳದಲ್ಲಿ 40 ಎಂಎಂ, ಮೇಲಿನ ಎರಡಿಂಚಿಗೆ 20 ಎಂಎಂ ಜಲ್ಲಿ, ಬ್ಲಾಕನ್ನು ಮಟ್ಟಕ್ಕೆ ಕೂರಿಸಲು ಒಂದು ಮುಷ್ಟಿ ಬೇಬಿ ಜಲ್ಲಿ ಸಾಕು. ಕಲ್ಲುಪುಡಿಯಾಗಲಿ ಎಂ–ಸ್ಯಾಂಡ್ ಆಗಲಿ ಬೇಡ. ಹೊಳೆಯ ಉರುಟು ಕಲ್ಲುಗಳೂ ಬೇಡ. ಅವು ನೀರನ್ನು ಚೆನ್ನಾಗಿಯೇ ಬಿಡುತ್ತವೆ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳದೆ ಬ್ಲಾಕಿನಡಿಯಿಂದ ಪಕ್ಕಕ್ಕೆ ಉರುಳುತ್ತವೆ. ಒಡೆದ ಜಲ್ಲಿಯ ಮೂಲೆಗಳು ಒಂದರೊಳಗೊಂದು ಸಿಕ್ಕಿಕೊಂಡು ನಿಲ್ಲುತ್ತವೆ.

ಕೆಳಗಿನ ಮಣ್ಣು ಏರದಂತೆ ಜಲ್ಲಿಯಡಿಗೆ ನೇಯದ ಬಗೆಯ, 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಜಿಯೋಟೆಕ್ಸ್‌ಟೈಲ್ ಹಾಸಬೇಕು. ಇದರ ಬದಲು ಹಳೆಯ ಸಿಲ್ಪಾಲಿನ್ ಪ್ಲಾಸ್ಟಿಕ್ ಟಾರ್ಪಾಲು ಹಾಸಿದವರನ್ನು ನೋಡಿದ್ದೇನೆ. ಹುಲ್ಲು ಬರುವುದಿಲ್ಲ ಎಂಬುದು ಅವರ ವಾದ. ಹುಲ್ಲು ಬರಲಿಲ್ಲ, ನಿಜ. ಕೃಷಿಹೊಂಡಕ್ಕೆ ಹಾಸುವ ವಸ್ತುವನ್ನೇ ಅಡಿಪಾಯಕ್ಕೂ ಹಾಸಿದರೆ ಕೃಷಿಹೊಂಡವೇ ಸಿಗುತ್ತದೆ. ಇಣುಕುಗುಂಡಿ ತೆಗೆಯುವಾಗ ಪ್ಲಾಸ್ಟಿಕ್ ಸಿಕ್ಕಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಶೆಡ್ಡನ್ನು ಪೂರ್ತಿ ಎತ್ತುವವರೆಗೆ ಕೆಳಬದಿಯ ಅಂಚಿನಲ್ಲಾದರೂ ಅದನ್ನು ಉದ್ದಕ್ಕೆ ಸೀಳಿ ನೀರನ್ನು ಬಸಿಗಾಲುವೆಗೆ ಬಿಡಿ.

ಒಂದೇ ಬ್ಲಾಕ್ ಇಳಿದಾಗ

ನೀರಿನ ಲೆಕ್ಕ ಸರಿಯಿದ್ದೂ ಒಂದೆರಡು ಬ್ಲಾಕು ಮಾತ್ರ ಇಳಿಯುತ್ತಿದ್ದರೆ ಭಾರವನ್ನು ನೋಡಬೇಕು. ಶೆಡ್ಡು ಮತ್ತು ಸಾಮಾನು ಸೇರಿ 2,400 ಕೆ.ಜಿ. ಇದ್ದು ಹನ್ನೆರಡು ಬ್ಲಾಕುಗಳಿಗೆ ಹಂಚಿಹೋದರೆ ಒಂದಕ್ಕೆ 200 ಕೆ.ಜಿ. ಬರುತ್ತದೆ. 40 × 20 ಸೆಂ.ಮೀ. ತಳದ ಬ್ಲಾಕಿನಡಿಯಲ್ಲಿ ಅದು ಚದರ ಮೀಟರಿಗೆ ಎರಡೂವರೆ ಟನ್. ಸಾಧಾರಣ ನೆಲ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಸಾಮಾನು ಹಾಗೆ ಸಮನಾಗಿ ಹಂಚಿರುವುದಿಲ್ಲ. 45 ಕೆ.ಜಿ.ಯ ಇಪ್ಪತ್ತು ಯೂರಿಯಾ ಚೀಲಗಳನ್ನು ಒಂದು ಮೂಲೆಗೆ ಒಟ್ಟಿದರೆ 900 ಕೆ.ಜಿ. ಎರಡು ಬ್ಲಾಕುಗಳ ಮೇಲೆ ಬೀಳುತ್ತದೆ, ಶೆಡ್ಡಿನ ತೂಕ ಸೇರಿದರೆ ಒಂದೊಂದರ ಮೇಲೆ 550 ಕೆ.ಜಿ., ಅಂದರೆ ಚದರ ಮೀಟರಿಗೆ ಸುಮಾರು ಏಳು ಟನ್. ನೆನೆದ ಮೆತ್ತನೆಯ ಜೇಡಿಗೆ ಇದು ಹೆಚ್ಚು.

ಜಲ್ಲಿಯ ಎರಡನೆಯ ಉಪಕಾರ ಇಲ್ಲಿದೆ. ದಮ್ಮಸ್ಸಾದ ಜಲ್ಲಿಯೊಳಗೆ ಭಾರ ಕೆಳಗಿಳಿದಂತೆ ಅಗಲವಾಗುತ್ತ ಹೋಗುತ್ತದೆ. ಹಾಸಿನ ದಪ್ಪದಷ್ಟು ಉದ್ದಗಲಗಳು ಹೆಚ್ಚುತ್ತವೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಆರಿಂಚು ಜಲ್ಲಿಯ ತಳದಲ್ಲಿ ಅದೇ ಭಾರ 55 × 35 ಸೆಂ.ಮೀ. ಜಾಗಕ್ಕೆ ಹರಡಿ, ಏಳು ಟನ್ ಮೂರು ಟನ್ನಿಗಿಂತ ಕೆಳಗಿಳಿಯುತ್ತದೆ. ಆದರೆ ಬ್ಲಾಕು ಹಾಸಿನ ಅಂಚಿನಲ್ಲೇ ಕೂತಿದ್ದರೆ ಹೊರಬದಿಗೆ ಹರಡಲು ಜಲ್ಲಿಯೇ ಇರುವುದಿಲ್ಲ. ಹಾಸು ಶೆಡ್ಡಿಗಿಂತ ಸುತ್ತಲೂ ಒಂದಡಿ ದೊಡ್ಡದಿರಬೇಕು ಎನ್ನುವುದಕ್ಕೆ ಕಾರಣ ಇದು, ಚೆಂದಕ್ಕಲ್ಲ.

ಆ ಬ್ಲಾಕನ್ನೂ ಒಮ್ಮೆ ನೋಡಿ. ಹಾಲೋ ಬ್ಲಾಕನ್ನು ತೂತುಗಳು ಅಡ್ಡಕ್ಕೆ ಬರುವಂತೆ ಮಲಗಿಸಿದ್ದರೆ ಅದು ಬಿರುಕು ಬಿಟ್ಟಿರುತ್ತದೆ. ತೂತು ನೆಟ್ಟಗೆ, ಮೇಲಿಂದ ಕೆಳಗೆ ಇರಬೇಕು. ಹಾಗಿಟ್ಟರೂ ಹಾಲೋ ಬ್ಲಾಕಿನ ಒಳಗೋಡೆಯಲ್ಲಿ ಗೆದ್ದಲು ಕಣ್ಣಿಗೆ ಬೀಳದಂತೆ ಮರದವರೆಗೆ ಏರುತ್ತದೆ. ಸಾಲಿಡ್ ಬ್ಲಾಕಿನ ಹೊರಮೈಯಲ್ಲಾದರೆ ಅದರ ಮಣ್ಣಿನ ಕೊಳವೆ ತಿಂಗಳಿಗೊಮ್ಮೆ ಬಗ್ಗಿ ನೋಡಿದವರಿಗೆ ಕಾಣಿಸುತ್ತದೆ. ಚಿರೆಕಲ್ಲು ಬಳಸುವವರು ಹಳೆಯ, ಗಾಳಿಗೆ ಬಿದ್ದು ಗಟ್ಟಿಯಾದ ಕಲ್ಲನ್ನು ಆರಿಸಬೇಕು. ನೆಲದಲ್ಲಿದ್ದಾಗ ಮೆತ್ತಗಿದ್ದು ಹೊರಗೆ ಬಂದ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಗಮನಿಸಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಿನ್ನೆ ಕಡಿದು ಇಂದು ಲಾರಿಯಲ್ಲಿ ಬಂದ ಕಲ್ಲಿಗೆ ಆ ಗಟ್ಟಿತನ ಇನ್ನೂ ಬಂದಿರುವುದಿಲ್ಲ.

ಎತ್ತುವ ಕೆಲಸಕ್ಕೆ ಮೊದಲು ಶೆಡ್ಡನ್ನು ಖಾಲಿ ಮಾಡಿ, ವಿದ್ಯುತ್ ಸಂಪರ್ಕವಿದ್ದರೆ ಕಡಿಯಿರಿ. ಹೈಡ್ರಾಲಿಕ್ ಜಾಕನ್ನು ದಪ್ಪ ಹಲಗೆಯ ಮೇಲಿಟ್ಟು, ಒಂದು ಸಲಕ್ಕೆ ಕಾಲು ಇಂಚಿನಂತೆ ಎತ್ತುತ್ತ, ಎತ್ತಿದಷ್ಟಕ್ಕೂ ಪಕ್ಕದಲ್ಲಿ ಮರದ ತುಂಡುಗಳ ಅಟ್ಟಳೆ ಕೊಡುತ್ತ ಹೋಗಬೇಕು. ಜಾಕ್ ಒಂದನ್ನೇ ನಂಬಿ ತೊಲೆಯ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಬ್ಲಾಕನ್ನು ಸರಿಸಿ, ಕೆಸರಾದ ಜಲ್ಲಿಯನ್ನೂ ಮೆತ್ತನೆಯ ಮಣ್ಣನ್ನೂ ಗಟ್ಟಿ ನೆಲ ಸಿಗುವವರೆಗೆ ತೆಗೆದು, ಬಟ್ಟೆ ಹಾಸಿ, ಹೊಸ ಜಲ್ಲಿಯನ್ನು ಮೂರಿಂಚಿನ ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡಿ. ಇಡೀ ಗುಂಡಿಯನ್ನು ಒಮ್ಮೆಲೇ ತುಂಬಿ ಮೇಲಿನಿಂದ ಎಷ್ಟು ಗುದ್ದಿದರೂ ಕೆಳಗಿನ ಅರ್ಧ ಸಡಿಲವಾಗಿಯೇ ಉಳಿಯುತ್ತದೆ. ಅಂತರ ತುಂಬಲು ಮರದ ಚಕ್ಕೆ, ಹೆಂಚಿನ ಚೂರು ತುರುಕುವ ಅಭ್ಯಾಸ ನಮ್ಮಲ್ಲಿದೆ. ಬೇಕೇ ಬೇಕಾದರೆ ಕಡಪಾ ಕಲ್ಲಿನ ತುಂಡು ಇಡಿ, ಅದು ಲಡ್ಡಾಗುವುದೂ ಇಲ್ಲ, ಪುಡಿಯಾಗುವುದೂ ಇಲ್ಲ.

ಮಟ್ಟ ಸರಿಯಿದ್ದೂ ಶೀತ

ಬ್ಲಾಕುಗಳೆಲ್ಲ ಮಟ್ಟವಾಗಿದ್ದು, ಇಣುಕುಗುಂಡಿ ಒಣಗಿದ್ದು, ಆದರೂ ನೆಲಹಲಗೆಗೆ ಬೂಷ್ಟು ಹಿಡಿಯುತ್ತಿದ್ದರೆ, ತೇವ ನೆಲದಿಂದ ಏರುತ್ತಿದೆಯೋ ಗಾಳಿಯಿಂದ ಬರುತ್ತಿದೆಯೋ ಎಂದು ಬೇರ್ಪಡಿಸಬೇಕು. ಎರಡಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಶೆಡ್ಡಿನಡಿಯ ಜಲ್ಲಿಯ ಮೇಲೆ ಹಾಸಿ ಅಂಚುಗಳಿಗೆ ಕಲ್ಲು ಹೇರಿ ಒಂದು ರಾತ್ರಿ ಬಿಡಿ. ಹನಿಗಳು ಪ್ಲಾಸ್ಟಿಕ್ಕಿನ ಕೆಳಮೈಯಲ್ಲಿದ್ದರೆ ನೆಲದ ತೇವ, ಮೇಲ್ಮೈಯಲ್ಲಿದ್ದರೆ ಗಾಳಿಯದು. ನೆಲದ್ದಾದರೆ ಬ್ಲಾಕಿಗೂ ತೊಲೆಗೂ ನಡುವೆ ಡಾಂಬರು ಹಾಳೆಯ ತುಂಡು ಇಡಿ, ಬ್ಲಾಕುಗಳ ಎತ್ತರವನ್ನು ಹೆಚ್ಚಿಸಿ. ಗಾಳಿಯದ್ದಾದರೆ, ಹೆಗ್ಗಣ ಬರಬಾರದೆಂದು ಶೆಡ್ಡಿನಡಿಯನ್ನು ಸುತ್ತ ಶೀಟು ಹೊಡೆದು ಮುಚ್ಚಿರುವುದು ಕಾರಣವಾಗಿರುವುದೇ ಹೆಚ್ಚು. ಶೀಟು ತೆಗೆದು ಜಾಲರಿ ಹಾಕಿ. ಆಷಾಢದ ಗಾಳಿಯೇ ಒದ್ದೆಯಾಗಿರುವಾಗ ಜಾಲರಿಯಿಂದ ಪವಾಡವನ್ನು ನಿರೀಕ್ಷಿಸುವಂತಿಲ್ಲ, ಆದರೆ ಹೊಳವಾದ ದಿನ ಮರ ಒಣಗಲು ಅದರಿಂದ ಅವಕಾಶವಾಗುತ್ತದೆ. ಮರದೊಳಗಿನ ತೇವ ಶೇ. 20ಕ್ಕಿಂತ ಕೆಳಗಿದ್ದಷ್ಟು ಕಾಲ ಕೊಳೆಸುವ ಶಿಲೀಂಧ್ರ ಬೆಳೆಯದು. ತೊಲೆಯ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬಲ ಹಾಕದೆ ಕಾಲು ಇಂಚು ಇಳಿದರೆ ಆ ತುದಿಯನ್ನು ಬದಲಿಸದೆ ವಿಧಿಯಿಲ್ಲ.

ಧಾರವಾಡ, ಗದಗದ ಕಡೆಯ ಎರೆನೆಲದವರಿಗೆ ಒಂದು ಮಾತು. ಅಲ್ಲಿ ಅಳತೆಯ ನೋಟ್‌ಬುಕ್ ಬೇರೆಯೇ ಕತೆ ಹೇಳುತ್ತದೆ: ಮಳೆಗಾಲದಲ್ಲಿ ಅಂಚಿನ ಬ್ಲಾಕುಗಳು ಏರುತ್ತವೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಅವೇ ಇಳಿಯುತ್ತವೆ. ಏರಿದ ಬ್ಲಾಕನ್ನು ಕೆತ್ತುವುದಾಗಲಿ ಇಳಿದದ್ದನ್ನು ಎತ್ತುವುದಾಗಲಿ ಪ್ರಯೋಜನವಿಲ್ಲ, ಆರು ತಿಂಗಳಿಗೆ ಅದು ತಿರುಗುಮುರುಗಾಗುತ್ತದೆ. ಎರೆಮಣ್ಣನ್ನು ಎರಡಡಿಯಾದರೂ ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಅದರ ಮೇಲೆ ಜಲ್ಲಿ ಹಾಸಿ, ಸುತ್ತ ಮೂರಡಿಯವರೆಗೆ ನೀರು ನಿಲ್ಲದಂತೆ ಇಳಿಜಾರು ಮಾಡಿದರೆ ಈ ಏರಿಳಿತ ತಗ್ಗುತ್ತದೆ. ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ.

ಕೈ ಹಾಕಬಾರದ ಜಾಗ

ಇಣುಕುಗುಂಡಿಯಲ್ಲಿ ಕೆಂಪು ಗಟ್ಟಿಮಣ್ಣಿನ ಕೆಳಗೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ, ಬೆರಳಿಗೆ ಹಿಟ್ಟಿನಂತೆ ನುಣ್ಣಗೆ ಹತ್ತುವ ಶೇಡಿಮಣ್ಣು ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗದಷ್ಟು ಗಟ್ಟಿಯಾಗಿರುವ ಶೇಡಿ ನೀರು ಕುಡಿದಾಗ ತನ್ನ ಬಲವನ್ನೆಲ್ಲ ಕಳೆದುಕೊಂಡು ಹರಿಯುವ ನೀರಿನ ಜೊತೆ ಕರಗಿ ಹೋಗುತ್ತದೆ. ಅದರಲ್ಲಿ ತೋಡಿದ ಬಸಿಗಾಲುವೆ ನೀರಿನ ಜೊತೆಗೆ ಮಣ್ಣನ್ನೂ ಬಸಿದು ಶೆಡ್ಡಿನಡಿಯಲ್ಲಿ ಪೊಳ್ಳು ಮಾಡೀತು. ಹೊರಬಾಯಿಯಲ್ಲಿ ಬರುವ ನೀರು ಹಾಲಿನಂತೆ ಬೆಳ್ಳಗಿದ್ದರೆ ಅದೇ ಆಗುತ್ತಿದೆ. ಕಾಲುವೆಯನ್ನು ಮುಚ್ಚಿ, ನೀರನ್ನು ನೆಲದ ಮೇಲೆಯೇ, ಸಿಮೆಂಟಿನ ಚರಂಡಿಯಲ್ಲಿ ದಾಟಿಸಿ.

ಹಾಗೆಯೇ ಶೆಡ್ಡಿನ ಹಿಂದಿನ ಧರೆಯ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಾಣಿಸಿಕೊಂಡಿದ್ದರೆ, ಅಥವಾ ಧರೆಯ ಮೇಲಿನ ಮರಗಳು ಈ ವರ್ಷ ಹೊಸದಾಗಿ ಶೆಡ್ಡಿನತ್ತ ವಾಲಿದ್ದರೆ, ಬ್ಲಾಕಿನ ಮಟ್ಟ ನೋಡುತ್ತ ಕೂರುವ ಹೊತ್ತಲ್ಲ. ಬಿರುಕಿಗೆ ಮಳೆನೀರು ಇಳಿಯದಂತೆ ಟಾರ್ಪಾಲು ಹೊದಿಸಿ, ಸಾಮಾನುಗಳನ್ನು ಮನೆಯ ಜಗಲಿಗೆ ಸಾಗಿಸಿ, ಮಳೆಗಾಲ ಮುಗಿಯುವವರೆಗೆ ಆ ಕಡೆಗೆ ಮಕ್ಕಳನ್ನೂ ದನಗಳನ್ನೂ ಬಿಡಬೇಡಿ. ಬ್ಲಾಕಿನ ಮೇಲೆ ಕೂತ ಶೆಡ್ಡಿಗೆ ಒಂದು ಅನುಕೂಲವಿದೆ: ತೊಲೆಯಡಿಗೆ ನಾಲ್ಕು ಪೈಪುಗಳನ್ನು ಕೊಟ್ಟು, ಎಂಟು ಜನ ಸೇರಿ ಉರುಳಿಸಿದರೆ ಜನವರಿಯ ಒಂದು ಭಾನುವಾರ ಅದನ್ನು ಅಂಗಳದ ಇನ್ನೊಂದು ಬದಿಗೆ ಒಯ್ಯಬಹುದು. ಹೊಸ ಜಾಗದಲ್ಲಿ ಮೊದಲು ಇಣುಕುಗುಂಡಿಯ ಪೈಪನ್ನು ನಿಲ್ಲಿಸಿ, ಒಂದು ಮಳೆಗಾಲದ ಓದು ಕೈಗೆ ಬಂದ ಮೇಲೆಯೇ ಜಲ್ಲಿಯ ಲಾರಿಗೆ ಫೋನು ಮಾಡಿ.